ಹೋಯಿತೆ? ತಲುಪಿತೆ?



ಕಚೇರಿಯ ಜೆರಾಕ್ಸ್ ಯಂತ್ರದಿಂದ ಫ್ಯಾಕ್ಸ್ ಹೋಗದೆ ನಿಂತಾಗ ಏನು ಮಾಡಬೇಕು ಎಂಬುದು ಬಾನುಲಿ ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನುಮಾನ ಬಂದೀತು. ಹರಿಹರನ ರಗಳೆಗಳನ್ನೋ ಆಲೂಗೆಡ್ಡೆಗೆ ಬೀಳುವ ಅಂಗಮಾರಿ ರೋಗವನ್ನೋ ಕುರಿತು ಕೇಳಿ ರೂಢಿಯಾದ ಹಾಸನದ ಸುತ್ತಿನ ಕಿವಿಗಳಿಗೆ ಇದು ತೀರ ಶುಷ್ಕವೆನಿಸಿದರೆ ಆಶ್ಚರ್ಯವಿಲ್ಲ. ಫ್ಯಾಕ್ಸೇ ಹಳತಾಯಿತಲ್ಲ, ಇನ್ನು ಅದರ ರೋಗನಿದಾನವೇಕೆ ಎನ್ನುವವರೂ ಇದ್ದಾರೆ. ಆದರೆ ಕಚೇರಿಯ ಕಾಗದದ ತಲೆಯ ಮೇಲೆ ಫ್ಯಾಕ್ಸ್ ಸಂಖ್ಯೆ ಅಚ್ಚಾಗಿರುವ ತನಕ, ಅದನ್ನು ನಂಬಿ ಒಬ್ಬ ಮನುಷ್ಯ ಎದುರಿನ ಬೆಂಚಿನ ಮೇಲೆ ಕಾದು ಕುಳಿತಿರುವ ತನಕ ವಿಷಯ ಹಳತಾಗುವುದಿಲ್ಲ.

ಒಂದು ಮೊಕದ್ದಮೆಯ ಮಾತು ಹೇಳಿದರೆ ಇದರ ತೂಕ ತಿಳಿದೀತು. ಬೆಂಗಳೂರಿನ ಎಕ್ಸಿಮ್ ಏಡ್ಸ್ ಎಂಬ ರೇಷ್ಮೆ ರಫ್ತಿನ ಸಂಸ್ಥೆಗೆ ಅಮೆರಿಕದ ಎಸ್‌ಐಎಲ್ ಇಂಪೋರ್ಟ್ ಎಂಬ ಕಂಪನಿ ಕೊಟ್ಟಿದ್ದ ಚೆಕ್ಕುಗಳು ಹಣವಾಗದೆ ಹಿಂದಿರುಗಿದವು. ಇಂಥ ಸಂದರ್ಭದಲ್ಲಿ ಚೆಕ್ಕು ಕೊಟ್ಟವನಿಗೆ ಲಿಖಿತ ನೋಟೀಸು ಕಳಿಸಬೇಕು. ಅದು ಕೈಸೇರಿದ ಮೇಲೆ ಹಣ ತೆರಲು ಅವನಿಗೆ 15 ದಿನದ ವಾಯಿದೆ. ಆ ವಾಯಿದೆ ಕಳೆದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ರಫ್ತುದಾರರು 1996ರ ಜೂನ್ 11ರಂದು ನೋಟೀಸನ್ನು ಫ್ಯಾಕ್ಸಿನಲ್ಲಿ ಕಳಿಸಿದರು. ಮರುದಿನ ಅದನ್ನೇ ರಿಜಿಸ್ಟರ್ಡ್ ಅಂಚೆಗೂ ಹಾಕಿದರು. ಅಂಚೆ ತಲುಪಿದ್ದು ಜೂನ್ 25ಕ್ಕೆ. ದೂರು ಸಲ್ಲಿಸಿದ್ದು ಆಗಸ್ಟ್ 8ಕ್ಕೆ. ಅಂಚೆಯ ದಿನದಿಂದ ಎಣಿಸಿದರೆ ದೂರು ಹೊತ್ತಿನೊಳಗೇ ಬಂದಿತ್ತು. ಫ್ಯಾಕ್ಸಿನ ದಿನದಿಂದ ಎಣಿಸಿದರೆ ಹೊತ್ತು ಮೀರಿತ್ತು. ಫ್ಯಾಕ್ಸಿನಲ್ಲಿ ಬಂದ ನೋಟೀಸೂ ನೋಟೀಸೇ, ವಾಯಿದೆ ಅದು ತಲುಪಿದ ದಿನದಿಂದಲೇ ಓಡತೊಡಗುತ್ತದೆ ಎಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ದೂರು ನಿಲ್ಲಲಿಲ್ಲ. ಫ್ಯಾಕ್ಸ್ ತಲುಪದೆ ಕೆಟ್ಟವರನ್ನು ನಾವು ನೋಡಿದ್ದೇವೆ. ಇಲ್ಲಿ ಅದು ಅಚ್ಚುಕಟ್ಟಾಗಿ ತಲುಪಿ, ಕಳಿಸಿದವರನ್ನೇ ಸೋಲಿಸಿತು.

ನಮ್ಮ ಕಚೇರಿಗಳಲ್ಲಿ ಇಂದಿಗೂ ಕೇಳುವ ಪ್ರಶ್ನೆ ಒಂದೇ: ‘ಹೋಯಿತಾ?’ ಕೇಳಬೇಕಾದ ಪ್ರಶ್ನೆ ‘ತಲುಪಿತಾ?’ ಎಂಬುದು. ಈ ಎರಡು ಕ್ರಿಯಾಪದಗಳ ನಡುವಿನ ಹಾದಿಯಲ್ಲಿಯೇ ಫ್ಯಾಕ್ಸಿನ ತೊಂದರೆಗಳೆಲ್ಲ ಬೀಡುಬಿಟ್ಟಿವೆ. ಹಾಸನದವರಿಗೆ ಈ ವ್ಯತ್ಯಾಸವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರ 1982ರಲ್ಲಿ ಇನ್ಸಾಟ್-1ಎ ಉಪಗ್ರಹದ ಹೊಣೆ ಹೊತ್ತ ಕಾಲದಿಂದ, ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಈ ಊರಿನಿಂದ ಆದೇಶಗಳು ಹೋಗುತ್ತಿವೆ. ಉಪಗ್ರಹ ತನ್ನ ಸ್ಥಿತಿಗತಿಯನ್ನು ಕೆಳಗೆ ತಿಳಿಸುತ್ತಿದೆ. ಆ ಮರುಮಾತನ್ನು ನೋಡದೆ ಅಲ್ಲಿ ಯಾರೂ ಕೆಲಸ ಮುಗಿಯಿತೆನ್ನುವುದಿಲ್ಲ. ಅದೇ ಊರಿನ ಕಚೇರಿಯೊಂದರಿಂದ ಸುಮಾರು 30 ಕಿಲೋಮೀಟರ್ ದೂರದ ಅರಕಲಗೂಡಿಗೆ ಕಾಗದ ಕಳಿಸಿದವರು ಮಾತ್ರ ಯಂತ್ರದತ್ತ ಬೆನ್ನು ತಿರುಗಿಸಿ ಕಾಫಿಗೆ ಹೊರಟಿರುತ್ತಾರೆ.

ದೋಷವನ್ನು ಹುಡುಕುವ ಮುನ್ನ ಯಂತ್ರಗಳು ಹೇಗೆ ಮಾತನಾಡಿಕೊಳ್ಳುತ್ತವೆ ಎಂಬುದನ್ನು ತಿಳಿಯಬೇಕು. ಫ್ಯಾಕ್ಸಿನ ಮೂಲ ಉಪಾಯ ಟೆಲಿಫೋನಿಗಿಂತ ಹಳೆಯದು. ಸ್ಕಾಟ್ಲೆಂಡಿನ ಗಡಿಯಾರ ಕುಶಲಿ ಅಲೆಕ್ಸಾಂಡರ್ ಬೇನ್ 1843ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಎರಡು ಊರುಗಳ ಎರಡು ಲೋಲಕಗಳು ಒಂದೇ ತಾಳದಲ್ಲಿ ತೂಗಬೇಕು, ಒಂದು ಬರಹವನ್ನು ಸವರುತ್ತ ಹೋದಂತೆ ಇನ್ನೊಂದು ಅದನ್ನು ಮೂಡಿಸುತ್ತ ಹೋಗಬೇಕು ಎಂಬುದು ಅವನ ಕಲ್ಪನೆ. 1865ರಲ್ಲಿ ಇಟಲಿಯ ಕಾಸೆಲ್ಲಿಯ ಯಂತ್ರ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವೆ ಕೈಬರಹವನ್ನು ಸಾಗಿಸಿತು. ಲೋಲಕಗಳು ಹೋದವು, ತಾಳ ಉಳಿಯಿತು. 1980ರಲ್ಲಿ ‘ಗ್ರೂಪ್ 3’ ಎಂಬ ಅಂತರರಾಷ್ಟ್ರೀಯ ಕಟ್ಟಳೆ ಬಂದ ಮೇಲೆ ಯಾವ ದೇಶದ ಯಂತ್ರವಾದರೂ ಇನ್ನಾವ ದೇಶದ ಯಂತ್ರದೊಡನೆಯಾದರೂ ಮಾತನಾಡುವಂತಾಯಿತು.

ಆ ಮಾತು ನಮ್ಮ ಹಳ್ಳಿಯ ಜಗಲಿಯ ಮಾತಿನಂತೆಯೇ ಇದೆ. ಕರೆದ ಯಂತ್ರ ಮೂರೂವರೆ ಸೆಕೆಂಡಿಗೊಮ್ಮೆ 1,100 ಹರ್ಟ್ಸಿನ ಸಣ್ಣ ದನಿಯಲ್ಲಿ ‘ಕುಂಯ್’ ಎನ್ನುತ್ತದೆ; ಬಾಗಿಲಲ್ಲಿ ನಿಂತು ‘ಮನೇಲಿ ಯಾರಾದರೂ ಇದ್ದೀರಾ’ ಎಂದು ಕೂಗಿದಂತೆ. ಎದುರಿನ ಯಂತ್ರ 2,100 ಹರ್ಟ್ಸಿನ ನೀಳವಾದ ದನಿಯಲ್ಲಿ ‘ಬನ್ನಿ’ ಎನ್ನುತ್ತದೆ. ಆಮೇಲೆ ಕುಶಲಪ್ರಶ್ನೆ: ನಿನ್ನಲ್ಲಿ ಎಷ್ಟು ಅಗಲದ ಕಾಗದವಿದೆ, ನಿನಗೆ ಎಷ್ಟು ವೇಗ ಸಾಧ್ಯ? ಸೆಕೆಂಡಿಗೆ 14,400 ಬಿಟ್ ವೇಗದಲ್ಲಿ ಒಂದು ತಾಲೀಮು ನಡೆಯುತ್ತದೆ. ದಾರಿ ಕೆಟ್ಟಿದ್ದರೆ 9,600ಕ್ಕೆ, ಇನ್ನೂ ಕೆಟ್ಟಿದ್ದರೆ 4,800ಕ್ಕೆ, 2,400ಕ್ಕೆ ಇಳಿಯುತ್ತವೆ. ಅನಂತರವೇ ಪುಟ ಹೊರಡುವುದು. ಪುಟ ಮುಗಿದ ಮೇಲೆ ‘ಮುಟ್ಟಿತೆ?’ ‘ಮುಟ್ಟಿತು.’ ಕೊನೆಗೆ ‘ಹೋಗಿಬರುತ್ತೇನೆ.’ ಇಷ್ಟು ಉಪಚಾರವಿಲ್ಲದೆ ಒಂದು ಪುಟವೂ ದಾಟುವುದಿಲ್ಲ.

ಹಾಗಾದರೆ ಫ್ಯಾಕ್ಸ್ ಹೋಗದಿದ್ದಾಗ ಮೊದಲು ಮಾಡಬೇಕಾದ ಕೆಲಸ, ಯಂತ್ರದ ಬೆನ್ನು ತಟ್ಟುವುದಲ್ಲ. ಮಾತು ಎಲ್ಲಿ ಮುರಿಯಿತು ಎಂದು ಕಿವಿಗೊಟ್ಟು ಕೇಳುವುದು. ನಕಲು, ಮುದ್ರಣ, ಫ್ಯಾಕ್ಸ್ ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿಟ್ಟುಕೊಂಡ ಇಂದಿನ ಯಂತ್ರಗಳಲ್ಲಿ ಬಹುಪಾಲಿಗೆ ಲೈನಿನ ಸದ್ದನ್ನು ಕೇಳಿಸುವ ಸ್ಪೀಕರ್ ಇದೆ. ಗದ್ದಲವೆಂದು ಅದನ್ನು ಯಾರೋ ಮುಚ್ಚಿಟ್ಟಿರುತ್ತಾರೆ. ಅದನ್ನು ಏರಿಸಿದರೆ ಅರ್ಧ ರೋಗ ತಾನಾಗಿಯೇ ಬಾಯಿಬಿಡುತ್ತದೆ.

ಏನೂ ಕೇಳಿಸದಿದ್ದರೆ ಡಯಲ್ ಟೋನ್ ಇಲ್ಲವೆಂದು ಅರ್ಥ. ಆಗ ಯಂತ್ರದ ಹಿಂಬದಿಯನ್ನು ನೋಡಬೇಕು. ಅಲ್ಲಿ ಒಂದೇ ಬಗೆಯ ಎರಡು ತೂತುಗಳಿರುತ್ತವೆ: ಗೋಡೆಯಿಂದ ಬರುವ ತಂತಿಗೆ ‘ಲೈನ್’ ಎಂದು ಬರೆದದ್ದು, ಪಕ್ಕದ ಟೆಲಿಫೋನಿಗೆ ‘ಟೆಲ್’ ಅಥವಾ ‘ಎಕ್ಸ್‌ಟ್’ ಎಂದು ಬರೆದದ್ದು. ಸುಣ್ಣ ಬಳಿಯಲು ಮೇಜು ಸರಿಸಿದಾಗ ಇವೆರಡೂ ಅದಲುಬದಲಾಗುತ್ತವೆ. ಮೂರನೆಯದು, ಸ್ವಲ್ಪ ಅಗಲವಾದದ್ದು, ಕಂಪ್ಯೂಟರ್ ಜಾಲದ್ದು. ಅದಕ್ಕೂ ಫ್ಯಾಕ್ಸಿಗೂ ಸಂಬಂಧವಿಲ್ಲ. ಲೈನ್ ಸರಿಯಿದೆಯೇ ಎಂದು ಅನುಮಾನವಾದರೆ ಒಂದು ಸಾದಾ ಟೆಲಿಫೋನನ್ನು ಅದೇ ತಂತಿಗೆ ಸಿಕ್ಕಿಸಿ ಕೇಳಿದರಾಯಿತು. ಇನ್ನೊಂದು ಮಾತನ್ನು ಅಳುಕದೆ ಹೇಳಬೇಕು. ಎಷ್ಟೋ ಮಾದರಿಗಳಲ್ಲಿ ಫ್ಯಾಕ್ಸಿನ ಫಲಕ ಬೇರೆ ಹಣ ಕೊಟ್ಟು ಹಾಕಿಸಬೇಕಾದ ವಸ್ತು. ಅದನ್ನು ಹಾಕಿಸದ ಯಂತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಫಲವಿಲ್ಲ.

ಡಯಲ್ ಆಗಿ ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂಬ ಹೆಣ್ಣುದನಿ ಕೇಳಿಸಿದರೆ ದೋಷ ಅಂಕಿಗಳದ್ದು. ನಮ್ಮ ಜಿಲ್ಲೆಯ ಎಸ್‌ಟಿಡಿ ಸಂಕೇತಗಳೇ ಇದಕ್ಕೆ ಒಳ್ಳೆಯ ಪಾಠ. ಹಾಸನ 08172, ಚನ್ನರಾಯಪಟ್ಟಣ 08176. ಹೊಳೆನರಸೀಪುರ ಮತ್ತು ಅರಕಲಗೂಡುಗಳಿಗೆ ಮಾತ್ರ ಒಂದೇ ಸಂಕೇತ, 08175. ಆದ್ದರಿಂದ ಹೊಳೆನರಸೀಪುರದಿಂದ ಅರಕಲಗೂಡಿಗೆ ಆರು ಅಂಕಿ ಒತ್ತಿದರೆ ಸಾಕು, ಹಾಸನದಿಂದಾದರೆ ಸಾಲದು. ರೈಲು ಹೊಳೆನರಸೀಪುರಕ್ಕೆ ಬಂತು, ಚನ್ನರಾಯಪಟ್ಟಣಕ್ಕೂ ಬಂತು, ಅರಕಲಗೂಡಿಗೆ ಬರಲಿಲ್ಲ; ಟೆಲಿಫೋನ್ ಇಲಾಖೆಯಾದರೂ ಅದನ್ನು ನೆರೆಯ ಊರಿನೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕು. ಈಗ ಊಹಿಸಿಕೊಳ್ಳಿ: ಹೊಳೆನರಸೀಪುರದ ಒಂದು ಕಚೇರಿಯ ಯಂತ್ರ ವರ್ಗವಾಗಿ ಹಾಸನಕ್ಕೆ ಬರುತ್ತದೆ. ಅದರ ನೆನಪಿನಲ್ಲಿ ಅರಕಲಗೂಡಿನ ಸಂಖ್ಯೆ ಆರೇ ಅಂಕಿಯದು. ಗುಂಡಿ ಒತ್ತಿದಾಗ ಅದು ಹಾಸನದಲ್ಲೇ ಯಾರದೋ ಮನೆಯ ಫೋನನ್ನು ಬಾರಿಸುತ್ತದೆ. ಸಾಲದೆಂಬಂತೆ, ಉತ್ತರ ಬರಲಿಲ್ಲವೆಂದು ಕೆಲವು ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಬಾರಿಸುತ್ತದೆ. ಒಗ್ಗರಣೆಯ ನಡುವೆ ಓಡಿಬಂದು ಫೋನೆತ್ತಿದ ಗೃಹಿಣಿಗೆ ಕೇಳಿಸುವುದು ‘ಕುಂಯ್’. ಕಚೇರಿಯಲ್ಲಿ ಮಾತ್ರ ಎಲ್ಲರೂ ‘ಅರಕಲಗೂಡಿನವರು ಎತ್ತುತ್ತಿಲ್ಲ’ ಎಂದು ಗೊಣಗುತ್ತಿರುತ್ತಾರೆ.

ಕಚೇರಿಯೊಳಗೇ ಕಿರುವಿನಿಮಯ ಕೇಂದ್ರವಿದ್ದು, ಹೊರಗಿನ ಕರೆಗೆ ಮೊದಲು ಸೊನ್ನೆ ಒತ್ತಬೇಕಾದಲ್ಲಿ, ಆ ಸೊನ್ನೆಗೂ ಮುಂದಿನ ಅಂಕಿಗೂ ನಡುವೆ ‘ಪಾಸ್’ ಎಂಬ ಗುಂಡಿಯಿಂದ ಒಂದು ಉಸಿರಿನಷ್ಟು ಬಿಡುವು ಕೊಡಬೇಕು. ಬೆರಳಿನಿಂದ ಒತ್ತುವ ಮನುಷ್ಯ ತಾನಾಗಿಯೇ ಆ ಬಿಡುವು ಕೊಡುತ್ತಾನೆ, ಯಂತ್ರ ಕೊಡುವುದಿಲ್ಲ. ಲೈನಿಗೆ ಹಾಕಿದ ಎಸ್‌ಟಿಡಿ ಬೀಗವನ್ನು ತೆಗೆದಿದೆಯೇ ಎಂಬುದನ್ನೂ ನೋಡಬೇಕು.

ಗಂಟೆ ಬಾರಿಸಿ ಆಚೆಯವರು ‘ಹಲೋ’ ಎಂದರೆ ಅವರ ಯಂತ್ರ ತಾನಾಗಿ ಸ್ವೀಕರಿಸುವ ಸ್ಥಿತಿಯಲ್ಲಿಲ್ಲ. ಇದಕ್ಕೆ ನಮ್ಮ ನಾಡು ಕಂಡುಕೊಂಡ ಪರಿಹಾರ ಯಾವ ಕೈಪಿಡಿಯಲ್ಲೂ ಅಚ್ಚಾಗಿರಲಿಕ್ಕಿಲ್ಲ: ‘ಸಾರ್, ಫ್ಯಾಕ್ಸ್ ಟೋನ್ ಕೊಡಿ.’ ‘ಕೊಟ್ಟೆ ಸಾರ್, ಸ್ಟಾರ್ಟ್ ಒತ್ತಿ.’ ಒಂದು ಕಾಲದಲ್ಲಿ ಎಸ್‌ಟಿಡಿ ಬೂತುಗಳ ಮುಂದೆ ಹಗಲೆಲ್ಲ ಕೇಳಿಬರುತ್ತಿದ್ದ ಈ ಸಂಭಾಷಣೆ ಇಂದಿಗೂ ಕೆಲಸ ಮಾಡುತ್ತದೆ. ಯಂತ್ರಗಳ ಉಪಚಾರಕ್ಕೆ ಮುನ್ನ ಮನುಷ್ಯರ ಉಪಚಾರ ನಡೆದು, ಕಾಗದ ಯಾರ ಕೈಗೆ ಹೋಗುತ್ತಿದೆ ಎಂಬುದೂ ಗೊತ್ತಾಗುತ್ತಿತ್ತು. ನಾನಂತೂ ಮುಖ್ಯವಾದ ಕಾಗದಕ್ಕೆ ಇದೇ ಮೇಲೆಂದು ತಿಳಿದಿದ್ದೇನೆ.

ಕುಶಲಪ್ರಶ್ನೆಯೆಲ್ಲ ಆಗಿ, ಪುಟ ಹೊರಟು, ಅರ್ಧದಲ್ಲಿ ಕಡಿದುಹೋದರೆ ದೋಷ ದಾರಿಯದು. ತಾಮ್ರದ ತಂತಿಯ ಕೂಡುಗಟ್ಟಿಗೆ ಮಳೆನೀರು ಇಳಿದಿರಬಹುದು. ಅದೇ ಲೈನಿಗೆ ಇಂಟರ್ನೆಟ್ ಬೆಸೆದು ನಡುವೆ ಸೋಸುಕವನ್ನು ಹಾಕದೆ ಬಿಟ್ಟಿರಬಹುದು. ಪಕ್ಕದ ಕೋಣೆಯಲ್ಲಿ ಸಮಾನಾಂತರ ಫೋನನ್ನು ಯಾರೋ ಎತ್ತಿರಬಹುದು. ಯಂತ್ರದ ವೇಗವನ್ನು ಕೈಯಾರೆ 9,600ಕ್ಕೋ 4,800ಕ್ಕೋ ಇಳಿಸಿದರೆ, ‘ಸೂಪರ್ ಜಿ3’ ಎಂಬ ಆತುರದ ವಿಧಾನವನ್ನು ನಿಲ್ಲಿಸಿದರೆ, ಹೆಚ್ಚಿನ ಪಾಲು ಕಾಗದಗಳು ನಿಧಾನವಾಗಿಯಾದರೂ ದಾಟುತ್ತವೆ.

ಈಚಿನ ವರ್ಷಗಳಲ್ಲಿ ಹೊಸದೊಂದು ತೊಡಕು ಸೇರಿಕೊಂಡಿದೆ. ತಾಮ್ರದ ತಂತಿಯನ್ನು ಕಿತ್ತು ಫೈಬರ್ ಎಳೆದ ಕಚೇರಿಗಳಲ್ಲಿ ಮಾತು ಸ್ಪಷ್ಟವಾಯಿತು, ಫ್ಯಾಕ್ಸ್ ಕೆಟ್ಟಿತು. ಇದು ವಿಚಿತ್ರವೆನಿಸಿದರೂ ಕಾರಣ ಸರಳ. ಅಲ್ಲಿ ದನಿಯನ್ನು ಚೂರುಚೂರಾಗಿ ಕತ್ತರಿಸಿ, ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಮನುಷ್ಯನ ಕಿವಿ ಉದಾರಿ. ಒಂದು ಪೊಟ್ಟಣ ಕಳೆದರೂ, ತಡವಾದರೂ, ಅರ್ಥವನ್ನು ತಾನೇ ಕೂಡಿಸಿಕೊಳ್ಳುತ್ತದೆ. ಫ್ಯಾಕ್ಸಿಗೆ ಆ ಔದಾರ್ಯವಿಲ್ಲ. ಬೇನ್‌ನ ಲೋಲಕದಂತೆ ಅದಕ್ಕೆ ತಾಳ ತಪ್ಪಕೂಡದು. ಸೇವೆ ಒದಗಿಸುವವರನ್ನು ಕೇಳಿ ದನಿಯನ್ನು ಹಿಂಡದ ಜಿ.711 ವಿಧಾನವನ್ನೋ, ಫ್ಯಾಕ್ಸಿಗೆಂದೇ ಮಾಡಿದ ಟಿ.38 ವಿಧಾನವನ್ನೋ ಹಾಕಿಸಿಕೊಳ್ಳಬೇಕು. ಅದು ಆಗುವ ತನಕ ವೇಗವನ್ನು ಇಳಿಸಿಟ್ಟಿರಬೇಕು. ಇದನ್ನು ತಿಳಿಯದೆ ಯಂತ್ರವನ್ನೇ ಬದಲಿಸಿದ ಕಚೇರಿಗಳಿವೆ. ಹೊಸ ಯಂತ್ರವೂ ಹಳೆಯ ಹಾಡನ್ನೇ ಹಾಡಿತು.

ಇನ್ನು ಅತ್ಯಂತ ನಯವಂಚಕವಾದ ತೊಂದರೆಗೆ ಬರುತ್ತೇನೆ. ಹಳೆಯ ಫ್ಯಾಕ್ಸ್ ಯಂತ್ರದಲ್ಲಿ ಕಾಗದ ಒಳಗೆ ಸರಿಯುತ್ತಿದ್ದಂತೆ ಆಚೆಯ ಊರಿನಲ್ಲಿ ಮೂಡುತ್ತಿತ್ತು; ಕಾಗದ ಹೊರಬಿದ್ದರೆ ಹೋಯಿತೆಂದೇ ಅರ್ಥ. ಇಂದಿನ ಯಂತ್ರ ಹಾಗಲ್ಲ. ಅದು ಕಾಗದವನ್ನು ಗಬಗಬನೆ ಓದಿ, ನೆನಪಿನಲ್ಲಿಟ್ಟುಕೊಂಡು, ಆಮೇಲೆ ಬಿಡುವಾದಾಗ ಡಯಲ್ ಮಾಡುತ್ತದೆ. ನಮ್ಮ ಜಿಲ್ಲೆಯ ಒಂದು ಕಚೇರಿಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಕೊಣನೂರು ಕಡೆಯ ಹಿರಿಯರೊಬ್ಬರು ಮೂರು ಪುಟದ ಅರ್ಜಿಯನ್ನು ಬೆಂಗಳೂರಿಗೆ ಕಳಿಸಬೇಕಾಗಿತ್ತು. ಅಂದೇ ಕಡೆಯ ದಿನ. ಗುಮಾಸ್ತರು ಸಹಾನುಭೂತಿಯುಳ್ಳವರು, ಕಾಗದಗಳನ್ನು ತಾವೇ ಜೋಡಿಸಿ ಹಾಕಿದರು. ಕಾಗದ ಒಳಹೋಗಿ ಹೊರಬಂತು. ‘ಹೋಯ್ತು ಯಜಮಾನರೇ, ನೀವಿನ್ನು ಹೊರಡಿ’ ಎಂದರು. ಅವರು ಕೈಮುಗಿದು ಬಸ್ಸಿಗೆ ಹೋದರು. ಆಚೆಯ ಲೈನ್ ಎಂಗೇಜ್ ಆಗಿತ್ತು. ಯಂತ್ರ ಮತ್ತೆ ಪ್ರಯತ್ನಿಸುವಷ್ಟರಲ್ಲಿ ವಿದ್ಯುತ್ ಹೋಯಿತು. ಬಂದಾಗ ಯಂತ್ರದ ನೆನಪು ತೊಳೆದ ಹಲಗೆಯಾಗಿತ್ತು. ಆ ಅರ್ಜಿ ಯಂತ್ರದ ಹೊಟ್ಟೆಯನ್ನು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಗುಮಾಸ್ತರು ಸುಳ್ಳು ಹೇಳಿದವರಲ್ಲ, ಕಂಡದ್ದನ್ನು ಹೇಳಿದರು. ಆ ಹಿರಿಯರು ಕಳೆದುಕೊಂಡ ದಿನವನ್ನು ಅವರಿಗೆ ಮರಳಿ ಕೊಡುವ ಗುಂಡಿ ಮಾತ್ರ ಯಾವ ಯಂತ್ರದಲ್ಲೂ ಇಲ್ಲ. ಇಂಥಲ್ಲಿ ನೆನಪಿನ ವಿಧಾನವನ್ನು ಬಿಟ್ಟು ‘ನೇರ ರವಾನೆ’ಯನ್ನು ಆರಿಸಬಹುದು. ಅದಾಗದಿದ್ದರೆ ರವಾನೆಯ ವರದಿ ಅಚ್ಚಾಗಿ ಬರುವ ತನಕ ಕಾದಿದ್ದವರನ್ನು ಬೆಂಚಿನ ಮೇಲೆಯೇ ಇನ್ನೈದು ನಿಮಿಷ ಕೂರಿಸಬೇಕು.

ವರದಿಯಲ್ಲಿ ‘ಓಕೆ’ ಎಂದು ಬಂದರೂ ಮುಗಿಯಲಿಲ್ಲ. ಆ ಎರಡಕ್ಷರದ ಅರ್ಥ, ಎದುರಿನ ಯಂತ್ರ ಒಪ್ಪಿಕೊಂಡಿತು ಎಂಬಷ್ಟೆ. ಕಾಗದವನ್ನು ಮಗುಚಿ ಹಾಕಿದ್ದರೆ ಅದು ಬರಿಯ ಬಿಳಿಯ ಹಾಳೆಯನ್ನೂ ಅಷ್ಟೇ ಶ್ರದ್ಧೆಯಿಂದ ಒಪ್ಪಿಕೊಳ್ಳುತ್ತದೆ. ಗಾಜಿನ ಮೇಲಾದರೆ ಬರಹ ಕೆಳಮುಖ, ಮೇಲಿನ ತಟ್ಟೆಯಲ್ಲಿ ಬಹುತೇಕ ಯಂತ್ರಗಳಿಗೆ ಮೇಲ್ಮುಖ. ತಟ್ಟೆಯ ಪಕ್ಕದ ಚಿತ್ರವನ್ನು ನೋಡಿ ನಿಶ್ಚಯಿಸಿಕೊಳ್ಳುವುದು ಲೇಸು.

ಕನ್ನಡದ ಕಾಗದಕ್ಕೆ ಇನ್ನೊಂದು ಎಚ್ಚರ ಬೇಕು. ಫ್ಯಾಕ್ಸ್ ಒಂದು ಸಾಲನ್ನು ಅಡ್ಡಲಾಗಿ 1,728 ಚುಕ್ಕೆಗಳಾಗಿ ಒಡೆಯುತ್ತದೆ. ಉದ್ದಕ್ಕೆ ಮಾತ್ರ ಸಾಧಾರಣ ವಿಧಾನದಲ್ಲಿ ಮಿಲಿಮೀಟರಿಗೆ ಸುಮಾರು 4 ಗೆರೆ. ‘ಫೈನ್’ ಒತ್ತಿದರೆ ಸುಮಾರು 8. ಇಂಗ್ಲಿಷ್ ಅಕ್ಷರ ಸಾಲಿನ ಮೇಲೆ ಕೂರುತ್ತದೆ. ನಮ್ಮ ಅಕ್ಷರ ಕೆಳಗೂ ಕಾಲು ಚಾಚುತ್ತದೆ. ಸಾಧಾರಣ ವಿಧಾನದಲ್ಲಿ ಸಣ್ಣಚ್ಚಿನ ಒತ್ತಕ್ಷರಗಳು ಕಲಸಿ ಮಸಿಯ ತೊಟ್ಟಾಗುತ್ತವೆ. ಪಹಣಿಯ ಸರ್ವೆ ಸಂಖ್ಯೆಯಾಗಲಿ, ನೇರಳೆ ಬಣ್ಣದ ರಬ್ಬರ್ ಮೊಹರಾಗಲಿ, ಪೆನ್ಸಿಲಿನ ಷರಾವಾಗಲಿ ಇರುವ ಕಾಗದವನ್ನು ‘ಫೈನ್’ ಮಾಡಿ, ಕಪ್ಪನ್ನು ಒಂದು ಹಂತ ಏರಿಸಿ ಕಳಿಸಬೇಕು. ಸಮಯ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಇಷ್ಟನ್ನು ಹೇಳುವಾಗ ಫ್ಯಾಕ್ಸಿನ ಒಂದು ಉಪಕಾರವನ್ನು ಮರೆಯುವುದು ಧರ್ಮವಲ್ಲ. ತಾಲ್ಲೂಕಿನ ಪತ್ರಿಕಾ ಬಾತ್ಮೀದಾರರು ಸುದ್ದಿಯ ಲಕೋಟೆಯನ್ನು ಬೆಂಗಳೂರಿನ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದ ಕಾಲವಿತ್ತು. ತುರ್ತಾದರೆ ತಂತಿ, ತಂತಿಯಾದರೆ ಇಂಗ್ಲಿಷ್. ಆಮೇಲೆ ಗಣಕಯಂತ್ರ ಬಂದಾಗ ಒಬ್ಬರ ಕನ್ನಡ ಅಕ್ಷರ ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತಿದ್ದವು. ಫ್ಯಾಕ್ಸಿಗೆ ಲಿಪಿಯ ಹಂಗೇ ಇರಲಿಲ್ಲ. ಅದು ಅಕ್ಷರವನ್ನು ಓದುವುದಿಲ್ಲ, ಗೆರೆಯನ್ನು ನೋಡುತ್ತದೆ. ಚನ್ನರಾಯಪಟ್ಟಣದಲ್ಲಿ ಕುಳಿತು ಹಾಳೆಯ ಮೇಲೆ ಬರೆದ ಕನ್ನಡ, ಬರೆದವರ ಕೈಯ ವಕ್ರತೆಯೂ ಸೇರಿ, ಯಾವ ಯಂತ್ರದ ಅಪ್ಪಣೆಯನ್ನೂ ಬೇಡದೆ ಹಾಗೆಯೇ ಬೆಂಗಳೂರಿನಲ್ಲಿ ಇಳಿಯಿತು.

ಯಂತ್ರದ ಗಡಿಯಾರದ ಬಗ್ಗೆ ಒಂದು ಮಾತು. ಪ್ರತಿ ಪುಟದ ನೆತ್ತಿಯ ಮೇಲೆ ದಿನಾಂಕ, ವೇಳೆ, ಕಳಿಸಿದವರ ಸಂಖ್ಯೆ ಅಚ್ಚಾಗುತ್ತವೆ. ವಿದ್ಯುತ್ ಹೋಗಿಬಂದ ಮೇಲೆ ಈ ಗಡಿಯಾರ ಎಷ್ಟೋ ಕಡೆ ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಹೋಗಿ ನಿಂತಿರುತ್ತದೆ. ಮೊದಲು ಹೇಳಿದ ರೇಷ್ಮೆಯ ಮೊಕದ್ದಮೆಯಲ್ಲಿ ಎಲ್ಲವೂ ಒಂದು ದಿನಾಂಕದ ಮೇಲೆ ನಿಂತಿತ್ತು ಎಂಬುದನ್ನು ನೆನೆದರೆ ಆ ಗಡಿಯಾರವನ್ನು ಸರಿಪಡಿಸುವ ಎರಡು ನಿಮಿಷ ದುಬಾರಿಯಲ್ಲ. ವರದಿಯ ಹಾಳೆಯನ್ನು ಮೂಲ ಕಾಗದದೊಡನೆ ಕಡತಕ್ಕೆ ಸೇರಿಸಿ, ರವಾನೆ ಪುಸ್ತಕದಲ್ಲಿ ಅದರ ವೇಳೆಯನ್ನು ಗುರುತು ಹಾಕಿಡಬೇಕು. ಅಶ್ವಿನಿ, ಭರಣಿ ಮಳೆಗಳ ಗುಡುಗಿನ ಸಂಜೆಗಳಲ್ಲಿ ಕಚೇರಿ ಮುಚ್ಚುವ ಮುನ್ನ ವಿದ್ಯುತ್ತಿನ ಪ್ಲಗ್ಗಿನಂತೆ ಟೆಲಿಫೋನ್ ತಂತಿಯನ್ನೂ ಕಳಚಬೇಕು. ಸಿಡಿಲು ಹೆಚ್ಚಾಗಿ ಆ ಬಡ ತಂತಿಯ ದಾರಿಯಲ್ಲಿಯೇ ಬಂದು ಫ್ಯಾಕ್ಸಿನ ಫಲಕವನ್ನು ಸುಡುತ್ತದೆ. ನಕಲು ತೆಗೆಯುವ ಭಾಗ ಚೆನ್ನಾಗಿಯೇ ಇರುವುದರಿಂದ ಹಾನಿ ವಾರಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ.

ಇದೆಲ್ಲ ಬೇಡ, ಫ್ಯಾಕ್ಸನ್ನೇ ಬಿಟ್ಟರಾಯಿತು ಎನ್ನುವವರ ವಾದವೂ ಹುರುಳಿಲ್ಲದ್ದಲ್ಲ. ತಂತಿ 2013ರ ಜುಲೈಯಲ್ಲಿ ನಿಂತಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ 2019ರ ಜನವರಿಯಿಂದ ಹೊಸ ಫ್ಯಾಕ್ಸ್ ಯಂತ್ರಗಳನ್ನು ಕೊಳ್ಳದಂತೆ ನಿಷೇಧಿಸಿತು. 2021ರಲ್ಲಿ ಆಗ್ರಾದ ಸೆರೆಮನೆಯಲ್ಲಿ, ಜಾಮೀನು ದೊರೆತಿದ್ದ 13 ಕೈದಿಗಳು ಆದೇಶದ ಪ್ರತಿ ಬರಲಿಲ್ಲವೆಂದು ದಿನಗಟ್ಟಲೆ ಒಳಗೇ ಉಳಿದ ಸುದ್ದಿ ಬಂದಾಗ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಅದನ್ನು ಕೈಗೆತ್ತಿಕೊಂಡಿತು; 2022ರ ಮಾರ್ಚ್ 31ರಂದು ‘ಫಾಸ್ಟರ್’ ಎಂಬ ವಿದ್ಯುನ್ಮಾನ ರವಾನೆಯ ವ್ಯವಸ್ಥೆ ಆರಂಭವಾಯಿತು. ಆದರೆ ಇ-ಮೇಲಿಗೂ ‘ಹೋಯಿತು’ ‘ತಲುಪಿತು’ಗಳ ಜಗಳ ತಪ್ಪಿದ್ದಲ್ಲ. ಫ್ಯಾಕ್ಸ್ ಯಂತ್ರ ಪುಟ ಪುಟಕ್ಕೂ ‘ಮುಟ್ಟಿತೆ’ ಎಂದು ಕೇಳಿ ಉತ್ತರ ಪಡೆದೇ ಮುಂದೆ ಸಾಗುತ್ತದೆ; ಇ-ಮೇಲ್ ಕಳಿಸಿದ ನಮ್ಮಲ್ಲಿ ಎಷ್ಟು ಜನ ಹಾಗೆ ಕೇಳುತ್ತೇವೆ?

ಕಚೇರಿಗಳಲ್ಲಿ ಕುಳಿತು ಕೇಳುತ್ತಿರುವವರಿಗೆ ಒಂದು ಸಣ್ಣ ಕೋರಿಕೆಯಿದೆ. ಹೊಸ ಲೆಟರ್‌ಹೆಡ್ಡನ್ನು ಅಚ್ಚಿಗೆ ಕೊಡುವ ಮುನ್ನ, ಹಳೆಯದರಿಂದ ಫ್ಯಾಕ್ಸ್ ಸಂಖ್ಯೆಯನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ಪಕ್ಕದ ಕಚೇರಿಯ ಯಂತ್ರದಿಂದ ಆ ಸಂಖ್ಯೆಗೆ ಒಂದು ಪುಟ ಕಳಿಸಿ ನೋಡಿ. ಆ ಪುಟ ನಿಮ್ಮ ಮೇಜಿಗೆ ಬಂದರೆ ಸಂಖ್ಯೆ ಇರಲಿ. ಬರದಿದ್ದರೆ, ಆ ಲೈನನ್ನು ಯಾವತ್ತೋ ಹಿಂದಿರುಗಿಸಿ ಆಗಿದ್ದರೆ, ಆ ಸಾಲನ್ನು ಹೊಡೆದುಹಾಕಿ, ನೀವು ದಿನವೂ ತೆರೆದು ನೋಡುವ ಇ-ಮೇಲ್ ವಿಳಾಸವನ್ನು ಅಲ್ಲಿ ಅಚ್ಚು ಹಾಕಿಸಿ.